ನಾಲ್ಕನೇ ಕ್ಯಾಸೆಟ್

ಟೈಪಿಸ್ಟಳಿಗೆ ಕುತೂಹಲವಿರಲಿಲ್ಲ. ಬಣ್ಣದ ಕಾರ್ಖಾನೆಯ ಆಫೀಸಿನಲ್ಲಿ ಆರು ವರ್ಷದಿಂದ ಎಲ್ಲರೂ ಅವಳನ್ನು ಹೊಗಳುತ್ತಿದ್ದದ್ದು ಅದಕ್ಕೇ. ಯಾರಿಗೆ ಬಡ್ತಿ, ಯಾರ ಮೇಲೆ ವಿಚಾರಣೆ, ಯಾವ ಗಿರಾಕಿ ಡಬ್ಬಗಳನ್ನು ವಾಪಸು ಕಳಿಸಿದ, ಎಲ್ಲವೂ ಅವಳ ಬೆರಳುಗಳನ್ನು ಹಾದೇ ಹೋಗುತ್ತಿತ್ತು. ಊಟದ ಹೊತ್ತಿಗೆ ಕೇಳಿದರೆ ಒಂದೂ ನೆನಪಿರುತ್ತಿರಲಿಲ್ಲ. ಹುಡುಗಿ ಗುಟ್ಟು ಬಿಡುವವಳಲ್ಲ ಎಂದು ಜನ ತಿಳಿದಿದ್ದರು. ಬಿಡುವುದಕ್ಕೆ ಅವಳ ಹತ್ತಿರ ಗುಟ್ಟೇ ಇರುತ್ತಿರಲಿಲ್ಲ.

ಟೈಪಿಂಗ್ ಶಾಲೆಯಲ್ಲಿ ಕಲಿಸಿದ್ದೇ ಹಾಗೆ. ಅರ್ಥಕ್ಕೆ ಗಮನ ಕೊಟ್ಟರೆ ಬೆರಳು ತಡವರಿಸುತ್ತದೆ ಎಂದು ಅಲ್ಲಿನ ಮೇಷ್ಟ್ರು ವಾಕ್ಯಗಳನ್ನು ಕೊನೆಯ ಪದದಿಂದ ಮೊದಲ ಪದಕ್ಕೆ ತಿರುಗಿಸಿ ಬರೆದ ಪುಟಗಳನ್ನು ಕೊಟ್ಟು ಅಭ್ಯಾಸ ಮಾಡಿಸುತ್ತಿದ್ದರು. ಅವಳನ್ನು ಅಲ್ಲಿಗೆ ಸೇರಿಸಿದವನು ಅಣ್ಣ. ಅಪ್ಪ ಅಮ್ಮ ಹೋದಮೇಲೆ ಸಾಕಿದವನೂ ಅವನೇ, ಕಾರ್ಖಾನೆಯಲ್ಲಿ ಹೇಳಿ ಈ ಕೆಲಸ ಕೊಡಿಸಿದವನೂ ಅವನೇ. ಅವನು ಅದೇ ಕಾರ್ಖಾನೆಯಲ್ಲಿ ಬಣ್ಣ ಹೊಂದಿಸುವವನು. ಗಿರಾಕಿ ಒಂದು ಚೂರು ಬಟ್ಟೆಯನ್ನೋ ಹಳೇ ಬಾಗಿಲಿನ ಚಕ್ಕೆಯನ್ನೋ ತಂದುಕೊಟ್ಟರೆ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಿಳಿಗೆ ಎಷ್ಟು ಹಳದಿ, ಎಷ್ಟು ತೊಟ್ಟು ಕಪ್ಪು ಎಂದು ಕಣ್ಣಂದಾಜಿನಲ್ಲೇ ಹೇಳುತ್ತಿದ್ದ. ತಂಗಿಯನ್ನು ಅವನು ಕರೆಯುತ್ತಿದ್ದದ್ದು 'ಟಕಟಕಿ' ಎಂದು.

ಮ್ಯಾನೇಜರಿಗೆ ಕೂತು ಕೆಲಸ ಮಾಡಿ ಗೊತ್ತಿಲ್ಲ. ಅಂಗೈಯಲ್ಲಿ ಹಿಡಿಸುವ ಒಂದು ರೆಕಾರ್ಡರನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಪೀಪಾಯಿಗಳ ನಡುವೆ ಅಡ್ಡಾಡುತ್ತ, ಕಾರಿನಲ್ಲಿ ಹೋಗುತ್ತ, ಅದಕ್ಕೆ ಕಾಗದಗಳನ್ನು ಹೇಳುತ್ತಿದ್ದರು. ಒಮ್ಮೆ ಒಬ್ಬ ದೊಡ್ಡ ಗಿರಾಕಿಗೆ ಬರೆಸಿದ ಕಾಗದದ ಕೊನೆಯಲ್ಲಿ, 'ತಮ್ಮ ವಿಶ್ವಾಸಿ' ಎಂದ ಕೂಡಲೇ ಕಕ್ಕಸಿನ ನೀರು ಬಿಟ್ಟ ಸದ್ದು ಕೇಳಿತ್ತು. ತಾನೂ ಹೆಡ್‌ಫೋನು ಹಾಕಿಕೊಂಡು ಅದನ್ನು ಕೇಳಿ ಬಿದ್ದು ಬಿದ್ದು ನಕ್ಕವಳು, ಟೆಲಿಫೋನು ನೋಡಿಕೊಳ್ಳುತ್ತ ನಡುನಡುವೆ ಟೈಪೂ ಮಾಡುವ ಪಕ್ಕದ ಮೇಜಿನ ಟೆಲಿಫೋನ್ ಅಕ್ಕ. ಟೈಪಿಸ್ಟಳಿಗೆ ಆ ಸದ್ದು ಕೇಳಿಸಿರಲೇ ಇಲ್ಲ.

"ನಿನ್ನ ಕಿವಿಗೂ ಕೈಗೂ ಮಧ್ಯೆ ತಲೆ ಅಂತ ಒಂದಿದೆಯೇನೇ?" ಎಂದು ಟೆಲಿಫೋನ್ ಅಕ್ಕ ಕೇಳಿದ್ದಳು.

"ಇದ್ರೆ ನಿನ್ನ ಹಾಗೆ ದಿನಕ್ಕೆ ಎರಡು ಕಾಗದ ಮಾಡ್ತಾ ಕೂತಿರ್ತಿದ್ದೆ."

ಕ್ಯಾಸೆಟ್ಟುಗಳು ಒಟ್ಟು ಆರು. ಒಂದೊಂದರ ಮೇಲೂ ಕೆಂಪು ಶಾಯಿಯಲ್ಲಿ ನಂಬರು. ತುಂಬಿದ್ದನ್ನು ಮ್ಯಾನೇಜರು ಕೆಳಗಿನ ತಟ್ಟೆಯಲ್ಲಿ ಹಾಕಿ ಹೋಗುತ್ತಿದ್ದರು. ಟೈಪಾದ ಕಾಗದ ಸಹಿಗೆ ಮೇಲೆ ಹೋಗುತ್ತಿತ್ತು. ಕ್ಯಾಸೆಟ್ಟು ವಾರದೊಳಗೆ ತಿರುಗಿ ಅವರ ಜೇಬಿಗೆ ಹೋಗಿ, ಅದರ ಮೇಲೇ ಹೊಸ ಮಾತು ತುಂಬುತ್ತಿತ್ತು. ಇಬ್ಬರೂ ಮುಖ ನೋಡಿ ಮಾತಾಡುವ ಪ್ರಸಂಗವೇ ಇರಲಿಲ್ಲ. ಅವಳ ಮೇಜಿನ ಮೇಲೆ ಕೇಳುವ ಯಂತ್ರ, ಕಿವಿಗೆ ಹೆಡ್‌ಫೋನು, ಕಾಲಡಿಯಲ್ಲಿ ಪೆಡಲು. ಒತ್ತಿದರೆ ಮಾತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಮ್ಯಾನೇಜರ ದನಿಯಲ್ಲಿ ಎರಡು ಬಗೆಯಿತ್ತು. ಕಾಗದ ಹೇಳುವಾಗ ದನಿ ಇಸ್ತ್ರಿ ಮಾಡಿದಂತೆ ಸಪಾಟು. ಕೆಮ್ಮುವಾಗ, ಡ್ರೈವರನ್ನು ಬೈಯುವಾಗ, ದಾರಿಯಲ್ಲಿ ಸಿಕ್ಕವರ ಹತ್ತಿರ ಮಾತಾಡುವಾಗ ಏರಿಳಿಯುತ್ತಿತ್ತು. ಆ ಎರಡನೇ ದನಿ ಬಂದರೆ ಅವಳು ಪೆಡಲ್ ಬಿಡುತ್ತಿರಲಿಲ್ಲ. ಆ ಪುರುಸೊತ್ತಿನಲ್ಲಿ ಟೈಪಾದ ಹಾಳೆ ಎಳೆದು, ಹೊಸ ಹಾಳೆಗಳ ನಡುವೆ ಕಾರ್ಬನ್ ಇಟ್ಟು, ಮೂಲೆ ತಟ್ಟಿ ಸರಿಮಾಡಿ ಯಂತ್ರಕ್ಕೆ ಏರಿಸುತ್ತಿದ್ದಳು. ಒಂದು ಕ್ಷಣವೂ ದಂಡವಾಗುತ್ತಿರಲಿಲ್ಲ.

ಎರಡು ತಿಂಗಳ ಹಿಂದೆ ಬಣ್ಣ ಹೊಂದಿಸುವ ಯಂತ್ರವೊಂದು ಬಂದು ಕೂತಿತ್ತು. ಶನಿವಾರ ಕೆಲಸ ಬಿಡುವ ಹೊತ್ತಿಗೆ ಒಂಬತ್ತು ಜನರ ಕೈಗೆ, ಕೆಲಸದಿಂದ ತೆಗೆದಿದೆ ಎಂಬ ಕಾಗದದ ಲಕೋಟೆ ಬಂತು.

ಅಣ್ಣ ಕಾಗದವನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟ. ಅತ್ತಿಗೆ ಓದಿದಳು. ಓದಿ ಮುಗಿಸಿದವಳು ಕೆಳಗಿನ ಎಡಮೂಲೆಯ ಮೇಲೆ ಬೆರಳಿಟ್ಟಳು. ಆಫೀಸಿನ ಪ್ರತಿ ಕಾಗದದಲ್ಲೂ ಅಲ್ಲಿ ಕಾಗದ ಹೇಳಿದವರ ಹೆಸರಿನ ಎರಡು ಅಕ್ಷರ, ಒಂದು ಗೀಟು, ಟೈಪು ಮಾಡಿದವರ ಹೆಸರಿನ ಎರಡು ಅಕ್ಷರ ಇರುತ್ತವೆ.

"ಇದು ಯಾರದ್ದು?"

ಟೈಪಿಸ್ಟಳು ಬಗ್ಗಿ ನೋಡಿದಳು. "ನಂದು."

"ಅಂದ್ರೆ?"

"ನಾನೇ ಟೈಪ್ ಮಾಡಿರೋದು." ಹೇಳುವಾಗಲೇ ಅವಳಿಗೂ ಅದು ಗೊತ್ತಾದದ್ದು.

"ಯಾವತ್ತು?"

"ಗುರುವಾರ ಇರಬೇಕು."

"ಗುರುವಾರ ಮನೆಗೆ ಬಂದು ಹೊಟ್ಟೆ ತುಂಬ ಉಂಡು, ನನ್ನ ಜೊತೆ ಕೂತು ಹೊಸ ಪರದೆಗೆ ಯಾವ ಬಣ್ಣ ಅಂತ ಒಂದು ಗಂಟೆ ಮಾತಾಡಿದ್ಯಲ್ಲಮ್ಮಾ!"

"ನನಗೆ ಗೊತ್ತಿರಲಿಲ್ಲ ಅತ್ತಿಗೆ. ಕಾಗದದಲ್ಲಿ ಹೆಸರಿರಲ್ಲ. ಬರೀ ಟೋಕನ್ ನಂಬರ್ ಹೇಳ್ತಾರೆ. ಹೆಸರನ್ನ ಆಮೇಲೆ ಗುಮಾಸ್ತರು ರಿಜಿಸ್ಟರ್ ನೋಡಿ ಪೆನ್ನಲ್ಲಿ ತುಂಬ್ತಾರೆ."

ಅತ್ತಿಗೆ ತಿರುಗಿ ಅಡುಗೆಮನೆಯ ಬಾಗಿಲಿನ ಕಡೆ ಕೈ ತೋರಿಸಿದಳು. ಅಲ್ಲಿ ಮೊಳೆಗೆ ಅಣ್ಣನ ಹಿತ್ತಾಳೆ ಟೋಕನ್ನು ತೂಗುಹಾಕಿತ್ತು. "ಇನ್ನೂರಾ ಅರವತ್ತೊಂದು. ಓದೋಕೆ ಬರದೆ ಇರೋ ಬೆಕ್ಕಿಗೂ ಈ ಮನೇಲಿ ಆ ನಂಬರ್ ಬಾಯಿಪಾಠ."

"ಟೈಪ್ ಹೊಡೆಯೋವಾಗ ನಿಂಗೇನೂ ಅನ್ನಿಸ್ಲಿಲ್ವಾ?" ಅಣ್ಣ ಕೇಳಿದ. ಬೈಯುವ ದನಿಯಲ್ಲಲ್ಲ, ತಿಳಿದುಕೊಳ್ಳುವ ದನಿಯಲ್ಲಿ.

"ಇಲ್ಲ ಅಣ್ಣ."

"ಇವಳಿಗೆ ಮೊದಲೇ ಗೊತ್ತಿತ್ತು ಕಣ್ರೀ," ಎಂದಳು ಅತ್ತಿಗೆ. "ತನ್ನ ಕೆಲಸ ಎಲ್ಲಿ ಹೋಗುತ್ತೋ ಅಂತ ಬಾಯಿ ಮುಚ್ಕೊಂಡು ಕೂತಿದ್ದಾಳೆ. ಅಣ್ಣನ ಕತ್ತು ಕೊಯ್ಯೋ ಕಾಗದಾನ ಒಂದು ತಪ್ಪೂ ಇಲ್ಲದ ಹಾಗೆ ಹೊಡೆದಿದ್ದಾಳೆ ನೋಡಿ, ಎಷ್ಟು ನೀಟಾಗಿ."

ಭಾನುವಾರ ಮನೆಯಲ್ಲಿ ಯಾರೂ ಯಾರನ್ನೂ ಊಟಕ್ಕೆ ಕರೆಯಲಿಲ್ಲ. ಸಂಜೆ ಟೈಪಿಸ್ಟಳು ಅಣ್ಣನ ಎದುರು ಹೋಗಿ ನಿಂತಳು. "ನಾಳೆ ಆ ಕ್ಯಾಸೆಟ್ಟನ್ನೇ ತರ್ತೀನಿ. ಒಂಬತ್ತು ನಂಬರು ಒಂದರ ಹಿಂದೆ ಒಂದು ಹೇಳ್ಕೊಂಡು ಹೋಗಿದ್ದಾರೆ ಅಷ್ಟೆ. ನೀವಿಬ್ರೂ ಕೇಳಿ. ಆಮೇಲೆ ಬೇಕಾದ್ರೆ ನನ್ನ ಕಳ್ಳಿ ಅನ್ನಿ."

ಅಣ್ಣ ತಲೆಯಾಡಿಸಿದ. ಅವನಿಗೂ ಅದು ಬೇಕಾಗಿತ್ತು. ಕೆಲಸ ಹೋದದ್ದನ್ನು ಅವನು ಹೇಗೋ ನುಂಗಿಕೊಳ್ಳುತ್ತಿದ್ದ. ತಂಗಿ ಎರಡು ದಿನ ಗೊತ್ತಿದ್ದೂ ತನ್ನೆದುರು ನಗುತ್ತಿದ್ದಳೇ ಎನ್ನುವುದನ್ನು ನುಂಗಲಾಗುತ್ತಿರಲಿಲ್ಲ.

ಸೋಮವಾರ ನಾಲ್ಕನೇ ಕ್ಯಾಸೆಟ್ಟು ಇನ್ನೂ ಅವಳ ತಟ್ಟೆಯಲ್ಲೇ ಇತ್ತು. ಹಳೆಯ ರೆಕಾರ್ಡರೊಂದು ಬೀರುವಿನಲ್ಲಿ ಬಿದ್ದಿರುವುದು ಟೆಲಿಫೋನ್ ಅಕ್ಕನಿಗೆ ಗೊತ್ತಿತ್ತು. ಹುಡುಕಿ ತೆಗೆದು, ಧೂಳು ಒರೆಸಿ, ತನ್ನ ಟಾರ್ಚಿನ ಬ್ಯಾಟರಿ ಹಾಕಿಕೊಟ್ಟಳು.

"ಮನೆಗೆ ಒಯ್ಯೋ ಮುಂಚೆ ಇಲ್ಲೇ ಒಂದ್ಸಲ ಕೇಳಿ ನೋಡೇ."

"ಗುರುವಾರ ಕೇಳಿದ್ದೀನಲ್ಲ ಅಕ್ಕ."

ಟೆಲಿಫೋನ್ ಅಕ್ಕ ಏನೋ ಹೇಳಹೊರಟಳು. ಅಷ್ಟರಲ್ಲಿ ಟೆಲಿಫೋನು ಬಡಿದುಕೊಂಡಿತು.

ಸಂಜೆ ಮೂವರೂ ಮೇಜಿನ ಸುತ್ತ ಕೂತರು. ಅತ್ತಿಗೆ ಒಲೆ ಮೇಲೆ ಏನೋ ಇಟ್ಟು ಬಂದಿದ್ದಳು. ಟೈಪಿಸ್ಟಳು ಗುಂಡಿ ಒತ್ತಿದಳು. ಪೀಪಾಯಿ ಉರುಳುವ ಸದ್ದು, ಅದರ ಮೇಲೆ ಸಪಾಟಾದ ದನಿ. ಯಂತ್ರ ಬಂದದ್ದರಿಂದ ಕೆಲವು ಹುದ್ದೆಗಳು ಹೆಚ್ಚುವರಿಯಾಗಿವೆ, ತಮ್ಮ ಸೇವೆಯನ್ನು ಕಂಪನಿ ಸದಾ ಸ್ಮರಿಸುತ್ತದೆ. ಅಣ್ಣ ತನ್ನ ಕಾಗದದ ಒಂದೊಂದು ಸಾಲನ್ನೂ ಆ ಬಾಯಲ್ಲಿ ಕೇಳಿದ. ಆಮೇಲೆ ನಂಬರುಗಳು. ಟೋಕನ್ ನಂಬರ್ ನೂರಾ ನಾಲ್ಕು, ಇದೇ ಒಕ್ಕಣೆ. ಟೋಕನ್ ನಂಬರ್ ನೂರಾ ಮೂವತ್ತೊಂಬತ್ತು, ಇದೇ ಒಕ್ಕಣೆ.

"ನೋಡಿದ್ರಾ ಅತ್ತಿಗೆ?" ಎಂದಳು ಟೈಪಿಸ್ಟಳು. "ಹೀಗೇ ಕೊನೇವರೆಗೂ."

ಆರು ನಂಬರು ಮುಗಿದವು. ಏಳನೆಯದು ಬಂತು. ಟೋಕನ್ ನಂಬರ್ ಇನ್ನೂರಾ ಅರವತ್ತೊಂದು. ಒಂದು ಕೆಮ್ಮು. ಕಾರಿನ ಬಾಗಿಲು ಹಾಕಿಕೊಂಡ ಸದ್ದು. ದನಿ ಬದಲಾಯಿತು.

"ನೋಡಮ್ಮ, ಇದು ನಿನ್ನ ಅಣ್ಣಂದು. ಮುಖ ನೋಡಿ ಹೇಳೋಕೆ ನನ್ನ ಕೈಲಿ ಆಗ್ಲಿಲ್ಲ, ಅದಕ್ಕೇ ಇದರಲ್ಲಿ ಹೇಳ್ತಿದ್ದೀನಿ. ಒಂಬತ್ತು ಜನ ಅಂತ ಮೇಲಿಂದ ಬಂದಿದೆ. ಯಾವ ಒಂಬತ್ತು ಅನ್ನೋದು ನನ್ನ ಕೈಲಿದೆ. ಸ್ವಂತವಾಗಿ ಏನಾದ್ರೂ ಮಾಡ್ತೀನಿ ಅಂತ ಅವನು ಯಾರ ಹತ್ತಿರಾನೋ ಹೇಳ್ತಿದ್ದನಂತೆ, ಅದಕ್ಕೆ ಅವನ ನಂಬರ್ ಹಾಕಿದೆ. ಅದು ನಿಜ ಅಲ್ಲ ಅಂದ್ರೆ ಇದೊಂದನ್ನ ಟೈಪ್ ಮಾಡಬೇಡ. ಉಳಿದ ಎಂಟನ್ನ ಮೇಲೆ ಕಳಿಸು. ಶುಕ್ರವಾರ ನಾಲ್ಕರೊಳಗೆ ಬಂದು ನನ್ನ ನೋಡು, ಬೇರೆ ನಂಬರ್ ಹಾಕೋಣ. ಅವನಿಗೆ ಹೋಗೋ ಮನಸ್ಸಿದ್ರೆ ಒಂಬತ್ತನ್ನೂ ಕಳಿಸಿಬಿಡು. ನಾನೇನೂ ಕೇಳಲ್ಲ."

ಮತ್ತೆ ಕೆಮ್ಮು. ಮತ್ತೆ ಸಪಾಟು ದನಿ. ಟೋಕನ್ ನಂಬರ್ ಇನ್ನೂರಾ ಎಂಬತ್ತೆಂಟು, ಇದೇ ಒಕ್ಕಣೆ.

"ಇದು ಇರಲಿಲ್ಲ," ಎಂದಳು ಟೈಪಿಸ್ಟಳು. "ಅಣ್ಣ, ಇದು ಗುರುವಾರ ಇರಲಿಲ್ಲ."

ಅಣ್ಣ ರೆಕಾರ್ಡರನ್ನು ತನ್ನ ಕಡೆ ಎಳೆದುಕೊಂಡು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ. ಎರಡನೇ ಸಲ ಕೈಗಡಿಯಾರ ನೋಡುತ್ತ ಕೇಳಿದ. ಆ ಮಾತು ಐವತ್ತೆರಡು ಸೆಕೆಂಡು. ಮೂರನೇ ಸಲ ಹಾಕಿದಾಗ ಅತ್ತಿಗೆ ಅವನ ತೋಳು ಹಿಡಿದಳು.

"ಇವಳ ಕೈ ನೋಡಿ."

ಕೆಮ್ಮು ಕೇಳಿದ ಕೂಡಲೇ ಟೈಪಿಸ್ಟಳ ಬಲಗೈ ತಾನಾಗಿ ಎದ್ದು ಮೇಜಿನ ಅಂಚಿಗೆ ಹೋಗಿತ್ತು. ಇಲ್ಲದ ಹಾಳೆಯೊಂದನ್ನು ಎಳೆಯಿತು. ಎಡಗೈ ಬಂದು ಇಲ್ಲದ ಕಾರ್ಬನ್ ಇಟ್ಟಿತು. ಎರಡೂ ಸೇರಿ ಇಲ್ಲದ ಮೂಲೆಗಳನ್ನು ಮೇಜಿಗೆ ತಟ್ಟಿ ಸರಿಮಾಡಿದವು. ದನಿ 'ನಿನ್ನ ಅಣ್ಣಂದು' ಎನ್ನುತ್ತಿತ್ತು. ಕೈಗಳು ಕೆಲಸ ಮಾಡುತ್ತಿದ್ದವು. ಟೈಪಿಸ್ಟಳೂ ಅವನ್ನು ನೋಡಿದಳು. ಬೇರೆ ಯಾರದೋ ಕೈಗಳನ್ನು ನೋಡಿದಂತೆ ನೋಡಿ, ಸೆರಗಿನೊಳಗೆ ಮುಚ್ಚಿಕೊಂಡಳು.

ಅಡುಗೆಮನೆಯಿಂದ ಸೀದ ವಾಸನೆ ಬಂತು. ಅತ್ತಿಗೆ ಎದ್ದು ಹೋಗಿ ಒಲೆ ಆರಿಸಿ ಬಂದಳು.

"ಬೇರೆ ನಂಬರ್ ಅಂದ್ರೆ ಯಾರದ್ದು ಹಾಕ್ತಿದ್ದರೋ," ಎಂದ ಅಣ್ಣ ತನ್ನಷ್ಟಕ್ಕೆ.

"ಯಾರದ್ದಾದ್ರೂ ಹಾಕ್ಲಿ! ನಿಮಗ್ಯಾಕೆ ಅದು? ನಿಮ್ಮದು ಉಳೀತಿತ್ತಲ್ಲ!" ಅತ್ತಿಗೆಯ ದನಿ ಒಡೆಯಿತು. "ಸ್ವಂತ ಕೆಲಸ ಮಾಡ್ತೀನಿ ಅಂತ ಯಾರ ಹತ್ತಿರ ಕೊಚ್ಚಿಕೊಂಡಿದ್ರಿ?"

"ಊಟಕ್ಕೆ ಕೂತಾಗ ಏನೋ ಅಂದಿರಬೇಕು. ಎಲ್ಲರೂ ಅಂತಾರೆ."

"ಅಣ್ಣ, ನಾನು ನಿಜವಾಗ್ಲೂ ಕೇಳಿಸ್ಕೊಂಡಿಲ್ಲ," ಎಂದಳು ಟೈಪಿಸ್ಟಳು.

"ನಂಬ್ತೀನಿ ಕಣೆ." ಅವನು ಅವಳ ಮುಖ ನೋಡಲಿಲ್ಲ. "ಬೇಕಂತ ಮಾಡಿದ್ರೆ ವಾಸಿಯಿತ್ತು. ಜಗಳ ಆಡಬಹುದಿತ್ತು. ಇದಕ್ಕೆ ಏನನ್ನೋದು?"

ಮಂಗಳವಾರ ಬೆಳಿಗ್ಗೆ ಅವಳು ಮೆಟ್ಟಿಲು ಹತ್ತಿ ಮ್ಯಾನೇಜರ ಕೋಣೆಗೆ ಹೋದಳು. ಆರು ವರ್ಷದಲ್ಲಿ ನಾಲ್ಕನೇ ಸಲವೋ ಐದನೇ ಸಲವೋ. ಅವರು ಕಿಟಕಿಯ ಹತ್ತಿರ ನಿಂತಿದ್ದರು.

"ಆ ಮಾತು ನನಗೆ ಕೇಳಿಸಿರಲಿಲ್ಲ ಸರ್."

"ಕೇಳಿಸಿರಲಿಲ್ಲ ಅಂದ್ರೆ? ಯಂತ್ರ ಕೆಟ್ಟಿತ್ತಾ?"

"ಇಲ್ಲ ಸರ್. ಯಂತ್ರ ಚೆನ್ನಾಗಿದೆ. ಅದು ಕಾಗದದ ದನಿ ಅಲ್ಲ. ಕಾಗದದ ದನಿ ಅಲ್ಲದ್ದನ್ನ ನಾನು ಕೇಳಲ್ಲ."

ಅವರು ಕುರ್ಚಿ ಎಳೆದುಕೊಂಡು ಕೂತರು.

"ಶುಕ್ರವಾರ ನಾಲ್ಕೂವರೆವರೆಗೂ ಈ ಬಾಗಿಲು ತೆಗೆದಿಟ್ಟು ಕಾಯ್ತಿದ್ದೆ ಕಣಮ್ಮ. ನೀನು ಒಂಬತ್ತನ್ನೂ ಕಳಿಸಿದ್ದೆ. ಮನೇಲಿ ಮಾತಾಡಿ ಒಪ್ಪಿರಬೇಕು ಅಂದ್ಕೊಂಡು ಸಹಿ ಹಾಕಿದೆ."

"ಕೆಳಗೆ ಬಂದು ಒಂದು ಮಾತು ಹೇಳಬಹುದಿತ್ತಲ್ಲ ಸರ್. ಹದಿನಾಲ್ಕು ಮೆಟ್ಟಿಲು."

"ಹೇಳಿದ್ದೆನಲ್ಲಮ್ಮ!" ಎಂದು ಅವರು ಅಂಗಿಯ ಜೇಬು ಮುಟ್ಟಿಕೊಂಡರು. ಮುಟ್ಟಿಕೊಂಡ ಕೈಯನ್ನು ಕೆಳಗಿಳಿಸಲು ಅವರಿಗೆ ತಿಳಿಯಲಿಲ್ಲ. "ಪ್ರತಿಗಳು ಹೆಡ್ಡಾಫೀಸಿಗೆ ಹೋಗಿಬಿಟ್ಟಿವೆ. ಇನ್ನು ನನ್ನ ಕೈಲಿ ಏನೂ ಇಲ್ಲ."

ಅವಳು ಕೆಳಗೆ ಬಂದು ಹೆಡ್‌ಫೋನು ಹಾಕಿಕೊಂಡಳು. ಐದನೇ ಕ್ಯಾಸೆಟ್ಟು ಕಾಯುತ್ತಿತ್ತು. ಮೊದಲ ಕಾಗದ ಯಾರೋ ಒಬ್ಬ ಅಂಗಡಿಯವನಿಗೆ: ಹಸಿರು ಬಣ್ಣ ಗೋಡೆಯ ಮೇಲೆ ಹಪ್ಪಳೆ ಎದ್ದಿರುವುದಕ್ಕೆ ಕಂಪನಿ ಹೊಣೆಯಲ್ಲ. ಯಾರ ಮನೆಯ ಗೋಡೆಯೋ ಎಂದು ಅವಳಿಗೆ ಅನ್ನಿಸಿತು. ಬೆರಳು ನಿಂತವು. ಪೆಡಲ್ ಬಿಟ್ಟಳು. ಹಿಂದಕ್ಕೆ ಓಡಿಸಿದಳು. ಕೆಮ್ಮು ಬಂದಾಗ ನಿಲ್ಲಿಸಿ, ಕೆಮ್ಮಿನ ಹಿಂದೆ ಇನ್ನೇನಾದರೂ ಇದೆಯೇ ಎಂದು ಮತ್ತೆ ಕೇಳಿದಳು. ಏನೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂರು ಕಾಗದ ಆಗಿದ್ದವು.

"ಏನೇ, ನನ್ನ ಲೆಕ್ಕಕ್ಕೆ ಬಂದುಬಿಟ್ಯಲ್ಲ," ಎಂದಳು ಟೆಲಿಫೋನ್ ಅಕ್ಕ. ಹೇಳಿದ ಮೇಲೆ ಅವಳಿಗೇ ಬೇಸರವಾಗಿ ಎದ್ದು ಹೋಗಿ ನೀರು ತಂದುಕೊಟ್ಟಳು.

ಅತ್ತಿಗೆಯ ಅಣ್ಣ ಬೇರೊಂದು ಊರಿನಲ್ಲಿ ಮೇಜು ಕುರ್ಚಿ ಮಾಡುವವನು. ಮೆರುಗು ಹಚ್ಚಲು ಆಳು ಬೇಕೆಂದು ಹೇಳಿ ಕಳಿಸಿದ. ಅಣ್ಣನಿಗೆ ಬಣ್ಣ ಹೊಂದಿಸುವುದು ಬರುತ್ತಿತ್ತು, ಮೆರುಗು ಹಚ್ಚುವುದು ಬರುತ್ತಿರಲಿಲ್ಲ. ಕಲಿಯುತ್ತೇನೆ ಎಂದ. ತಂಗಿಯನ್ನೂ ಕರೆಯಬೇಕೇ ಎಂಬ ಮಾತು ಮನೆಯಲ್ಲಿ ಬರಲೇ ಇಲ್ಲ. ಹೊರಡುವ ದಿನ ಅತ್ತಿಗೆ ಪಾತ್ರೆಗಳನ್ನು ಎರಡು ಪಾಲು ಮಾಡಿ, ಚಿಕ್ಕ ಪಾಲನ್ನು ಕಪಾಟಿನಲ್ಲಿ ಬಿಟ್ಟಳು. ಅಣ್ಣ ಪೆಟ್ಟಿಗೆ ಎತ್ತಿಕೊಂಡು ಬಾಗಿಲ ಹತ್ತಿರ ಬಂದು ತಂಗಿಗೆ ಏನೋ ಹೇಳಿದ. ಲಾರಿಯವನು ಹಾರ್ನ್ ಬಾರಿಸುತ್ತಿದ್ದ.

"ಏನಂದೆ ಅಣ್ಣ? ಇನ್ನೊಂದ್ಸಲ ಹೇಳು."

"ಏನಿಲ್ಲ. ಬರ್ತೀವಿ ಅಂದೆ."

ಕಾರ್ಖಾನೆಯಲ್ಲಿ ಒಂಬತ್ತು ಕೆಲಸ ಹೋದವು. ಮನೆಯಿಂದ ಇಬ್ಬರು ಹೋದರು.