ಕಾಲಡಿಯ ತಗಡು

ಡಾಂಬರಿನ ಹಕ್ಕಳೆ ಮತ್ತೆ ರೆಪ್ಪೆಯ ಮೇಲೇ ಬಿತ್ತು, ಒರೆಸಿಕೊಳ್ಳಲು ಕೈ ಬಿಡುವಿಲ್ಲ, ಒಂದರಲ್ಲಿ ತಂತಿ ಬ್ರಷ್ಷು, ಇನ್ನೊಂದರಲ್ಲಿ ದೀಪ, ಇರಲಿ, ಮಿಟುಕಿಸಿದರೆ ತಾನಾಗಿ ಉದುರುತ್ತದೆ, ಈ ವಯಸ್ಸಿಗೆ ಕಾರಿನ ಹೊಟ್ಟೆಯ ಕೆಳಗೆ ಅಂಗಾತ ಮಲಗುವುದೂ ಒಂದು ಬಗೆಯ ವಿಶ್ರಾಂತಿಯೇ, ಯಾರೂ ಮುಖ ನೋಡುವುದಿಲ್ಲ, ಗಂಡನಿಂದ ಕಲಿತ ಕೆಲಸ, ಅವನು ಹೋದಮೇಲೂ ಬಿಟ್ಟಿಲ್ಲ — ಏನಮ್ಮಾ ಮೇಸ್ತ್ರಿ, ನಿದ್ದೆ ಹೋದ್ಯಾ ಒಳಗೆ? ಭಾವ, ಅಕ್ಕನ ಗಂಡ, ಕಾರಿನ ಯಜಮಾನರು. ನಿದ್ದೆ ಎಲ್ಲಿ ಭಾವ, ನೀವು ಬಳಿದಿರೋದನ್ನ ಕೆರೆಯೋಷ್ಟರಲ್ಲಿ ನನ್ನ ಸೊಂಟ ಕಳಚಿಬಿತ್ತು. ಬಳಿದಿದ್ದಕ್ಕೇ ಕಣಮ್ಮ ಇಷ್ಟು ಬಾಳಿದೆ, ನನ್ನ ಓರಗೆಯ ಗಾಡಿ, ಒಂದು ತೂತು ತೋರಿಸು ನೋಡೋಣ. ತೋರಿಸಬೇಕಂತೆ. ಮಗುವಿಗೆ ಎಣ್ಣೆ ಹಚ್ಚುವ ಹಾಗೆ ಪ್ರತಿ ಮಳೆಗಾಲಕ್ಕೂ ಮುಂಚೆ ತಾವೇ ಮಲಗಿ ಹಚ್ಚಿದ್ದಾರೆ, ಪದರದ ಮೇಲೆ ಪದರ, ತುಕ್ಕು ಕೆಳಗಿಂದಲೇ ಬರುತ್ತದೆ ಎಂದು ಯಾರು ತಲೆಗೆ ತುಂಬಿದರೋ, ಅದು ಮೇಲಿಂದಲೂ ಬರುತ್ತದೆ, ಒದ್ದೆ ಚಪ್ಪಲಿಯಿಂದ ಇಳಿದು ಮ್ಯಾಟಿನಡಿ ಕೂರುತ್ತದೆ ನೀರು, ಅದು ಹರಿದುಹೋಗಲಿ ಎಂದು ಕಾರು ಮಾಡಿದವನು ಬಿಟ್ಟ ಕಿಂಡಿಗಳಿಗೂ ಭಾವ ಡಾಂಬರು ಮೆತ್ತಿದ್ದಾರೆ, ಅಕ್ಕರೆಯಿಂದಲೇ. ಸ್ಕ್ರೂಡ್ರೈವರಿನಿಂದ ಕುಟ್ಟಿದರೆ ಒಳ್ಳೆ ತಗಡು ಟಣ್ ಅನ್ನಬೇಕು, ಇಲ್ಲಿ ಸದ್ದೇ ಇಲ್ಲ, ನೆನೆದ ರಟ್ಟಿಗೆ ಇಳಿದ ಹಾಗೆ ಹಿಡಿಯವರೆಗೂ ಇಳಿಯಿತು, ಮತ್ತು ಅಲ್ಲಿ, ಡ್ರೈವರ್ ಪಕ್ಕದ ಸೀಟಿನ ಮುಂದೆ, ಡಾಂಬರಿನ ಚರ್ಮ ತಾನಾಗಿ ಕೆಳಗೆ ಉಬ್ಬಿತು — ಏನದು — ಮತ್ತೆ ಒಳಗೆ ಹೋಯಿತು.

ಅಕ್ಕ. ಅವಳನ್ನು ಇಳಿಸದೆಯೇ ಜಾಕಿನ ಮೇಲೆ ಕಾರು ಎತ್ತಿದ್ದು, ಹಾಗೆ ಎತ್ತಬಾರದು, ಗೊತ್ತು, ಇಳಿಯೇ ಅಂದರೆ ಅಳುತ್ತಾಳೆ ಬಿಡಮ್ಮ ಎಂದರು ಭಾವ. ಎಲ್ಲ ಮರೆತಿದ್ದಾಳೆ, ಬೆಳಿಗ್ಗೆ ಒಡಹುಟ್ಟಿದ ತಂಗಿಯನ್ನೇ ನೋಡಿ ನೀವು ಯಾರ ಪೈಕಿ ಅಂದಳು, ಜಡೆ ಹೆಣೆದುಕೊಟ್ಟ ಅಕ್ಕ, ಯಾರ ಪೈಕಿ ಅಂತ ಹೇಳುವುದು, ಸಂಜೆಯಾದರೆ ಸ್ವಂತ ಮನೆಯಲ್ಲೇ ನಿಂತು ಮನೆಗೆ ಹೋಗೋಣ ಮನೆಗೆ ಹೋಗೋಣ ಎಂದು ಬಾಗಿಲು ಬಡಿಯುತ್ತಾಳೆ, ಈ ಕಾರಿನಲ್ಲಿ ಕೂರಿಸಿ ಹೆದ್ದಾರಿಯ ಮೇಲೆ ಒಂದು ಸುತ್ತು ಹೊಡೆಸಿದರೆ ಸುಮ್ಮನಾಗುತ್ತಾಳೆ, ಅದೊಂದೇ ಔಷಧಿ ಉಳಿದಿರುವುದು. ಉಬ್ಬಿತು ಮತ್ತೆ. ಓಹೋ, ಬ್ರೇಕು! ಮದುವೆಯಾದ ಹೊಸದರಿಂದ ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕು ತುಳಿಯುವವಳು, ನಿಧಾನ ರೀ, ಲಾರಿ ರೀ, ನಿನ್ನ ಕಡೆಗೂ ಒಂದು ಪೆಡಲ್ ಹಾಕಿಸಿಕೊಡ್ತೀನಿ ಕಣೇ ಎಂದು ಭಾವ ನಗುತ್ತಿದ್ದರು, ಹಿಂದಿನ ಸೀಟಿನಲ್ಲಿ ತಾನೂ ನಗುತ್ತಿದ್ದುದುಂಟು, ತಂಗಿಯನ್ನು ಮರೆತವಳು ಲಾರಿಯನ್ನು ಮರೆತಿಲ್ಲ ನೋಡು. ಪಾದ ಒತ್ತುತ್ತಿರುವುದು ತಗಡನ್ನಲ್ಲ, ತಗಡು ಎಂದೋ ಪುಡಿಯಾಗಿದೆ, ಬರೀ ಮ್ಯಾಟು, ಅದರಡಿ ಭಾವನ ಡಾಂಬರು, ಅದರಡಿ ಗಾಳಿ. ರಸ್ತೆ ಓಡುತ್ತಿರುವಾಗ — ಬೇಡ, ಅಷ್ಟು ದೂರ ಯೋಚನೆ ಬೇಡ.

ಎರಡು ಕೋಟು ಬಳಿದುಬಿಡಮ್ಮ, ಸಾಕು, ಕತ್ತಲಾಗೋದ್ರೊಳಗೆ ಇವಳನ್ನ ಒಂದು ರೌಂಡ್ ಕರ್ಕೊಂಡು ಹೋಗ್ಬೇಕು. ಡಬ್ಬಿ ಪಕ್ಕದಲ್ಲೇ ಇದೆ, ಮುಚ್ಚಳ ತೆಗೆದೇ ಇದೆ, ಬಳಿದರೆ ಕನ್ನಡಿಯ ಹಾಗೆ ಹೊಳೆಯುತ್ತದೆ, ಭಾವ ಬೆನ್ನು ತಟ್ಟುತ್ತಾರೆ, ತಾನು ಮನೆಗೆ ಹೋಗಿ ಕಾಲು ಚಾಚಬಹುದು, ಎಷ್ಟು ಸುಸ್ತು, ಇಲ್ಲ ಅನ್ನುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ, ಬಳಿಯುವ ಬ್ರಷ್ಷು ಅದ್ದಿಯೂ ಆಯಿತು, ಒಂದು ಹನಿ ಕೊರಳ ಮೇಲೆ ತೊಟ್ಟಿಕ್ಕಿತು, ತಣ್ಣಗೆ. ಭಾವ, ಕೀ ಕೊಡಿ ಇಲ್ಲಿ. ಯಾಕಮ್ಮಾ? ಗಾಡಿ ಹೊರಡೋ ಹಾಗಿಲ್ಲ, ನೆಲ ಕತ್ತರಿಸಿ ಹೊಸ ತಗಡು ಬೆಸೀಬೇಕು, ತಿಂಗಳಾದ್ರೂ ಬೇಕು. ತಿಂಗಳಾ! ಸಂಜೆ ಇವಳನ್ನ ಏನು ಮಾಡ್ಲಿ ನಾನು, ನೀನು ಬಂದು ಹಿಡ್ಕೋತೀಯಾ? ಇಲ್ಲಿ ಗ್ಯಾರೇಜಿಗೇ ಕರ್ಕೊಂಡು ಬನ್ನಿ, ಕೂರಲಿ, ನಿಂತ ಗಾಡೀಲೇ ಈಗ ಎಲ್ಲೆಲ್ಲಿಗೋ ಹೋಗ್ತಿದ್ದಾಳೆ, ಬಗ್ಗಿ ನೋಡಿ. ಭಾವ ಬಗ್ಗಿದರು, ಮುಖ ತಲೆಕೆಳಗಾಗಿ ಕಂಡಿತು, ಕೆನ್ನೆ ಜೋತು, ದೀಪದ ಬೆಳಕಿನಲ್ಲಿ ಕಪ್ಪು ಚರ್ಮ ಇಳಿಯುತ್ತಿದೆ, ಹಿಮ್ಮಡಿ, ಬೆರಳು, ಬೆರಳು, ಎಣಿಸಬಹುದು, ತಂಗಿ ಬ್ರಷ್ಷು ಬಿಟ್ಟು ಅದರಡಿಗೆ ಅಂಗೈ ಕೊಟ್ಟಿದ್ದಾಳೆ, ಕೈ ತೆಗೆಯಲಾಗುತ್ತಿಲ್ಲ, ಒತ್ತಿತು, ನಿಂತಿತು, ಮೇಲೆದ್ದಿತು, ಮತ್ತೆ ಒತ್ತಿತು ಅಕ್ಕನ ಕಾಲು —