ಗೆರೆಯ ಈ ಕಡೆ

ನನ್ನ ಗಂಡ ಮನೆ ನೋಡುವುದಿಲ್ಲ, ಗೆರೆ ನೋಡುತ್ತಾನೆ. ಊರಾಚೆಯ ಬಡಾವಣೆಗಳಲ್ಲಿ ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಸೇರಬೇಕು ಎಂದು ಇಲಾಖೆಯವರು ನಕ್ಷೆಯ ಮೇಲೆ ಗೆರೆ ಎಳೆದಿದ್ದಾರಲ್ಲ, ಅದು. ದಲ್ಲಾಳಿ ಬೀಗ ತೆಗೆದು "ಬನ್ನಿ ಸಾರ್, ಎಂಥಾ ಬೆಳಕು ನೋಡಿ" ಎಂದರೆ ಇವನು ಹೊಸ್ತಿಲಲ್ಲೇ ನಿಂತು, ಫೋನನ್ನು ಅತ್ತಿತ್ತ ತಿರುಗಿಸುತ್ತಾ, "ಗೆರೆ ಆ ಲೈಟುಕಂಬದ ಆಚೇನೋ ಈಚೇನೋ?" ಎನ್ನುತ್ತಾನೆ. ಅಡುಗೆಮನೆಯಲ್ಲಿ ನೀರು ಬರುತ್ತದೋ ಇಲ್ಲವೋ ಎಂದು ನಲ್ಲಿ ತಿರುಗಿಸಿ ನೋಡುವ ಕರ್ಮ ನನ್ನದು.

ನಾವಿರುವ ಬಾಡಿಗೆ ಮನೆಯ ಮಾಲೀಕರು ಬೇಸಿಗೆ ರಜೆ ಮುಗಿಯುವುದರೊಳಗೆ ಖಾಲಿ ಮಾಡಿ ಎಂದಿದ್ದಾರೆ. ನಮ್ಮ ಮಗಳು ಗುಬ್ಬಿ ಈ ವರ್ಷ ಚಿಕ್ಕಮಕ್ಕಳ ಶಾಲೆ ಮುಗಿಸಿ ದೊಡ್ಡ ಶಾಲೆಗೆ ಹೋಗುವವಳು. ಎಲ್ಲಿ ಮನೆ ಕೊಳ್ಳುತ್ತೇವೋ ಅಲ್ಲಿಯ ಶಾಲೆಯೇ ಅವಳಿಗೆ. ಇಷ್ಟು ಸಾಕಾಯಿತು ಇವನಿಗೆ. ವಿಮಾ ಕಂಪನಿಯಲ್ಲಿ ಕೂತು ಊರವರಿಗೆಲ್ಲ ಏನೇನು ಕೆಟ್ಟದ್ದಾಗಬಹುದು ಎಂದು ಲೆಕ್ಕ ಹಾಕುವುದೇ ಇವನ ಉದ್ಯೋಗ. ಈಗ ಆ ವಿದ್ಯೆಯನ್ನೆಲ್ಲ ಸ್ವಂತ ಮಗಳ ಮೇಲೆ ಪ್ರಯೋಗಿಸುತ್ತಿದ್ದಾನೆ. ಶಾಲೆಗಳಿಗೆ ಜನ ನಕ್ಷತ್ರ ಕೊಡುವ ಆ್ಯಪ್ ಒಂದಿದೆ, ಊಟದ ತಟ್ಟೆಯ ಪಕ್ಕದಲ್ಲೂ ಅದೇ ತೆರೆದಿರುತ್ತದೆ.

ಐದು ನಕ್ಷತ್ರದ ಶಾಲೆಯ ಸುತ್ತ ನಮ್ಮ ಕೈಗೆಟುಕುವ ಮನೆಗಳೆಂದರೆ ಬೆಂಕಿಪೊಟ್ಟಣಗಳು. ಒಂದರಲ್ಲಿ ಮಂಚ ಹಾಕಿದರೆ ಬಾಗಿಲು ತೆರೆಯುವಂತಿಲ್ಲ. ಇನ್ನೊಂದರಲ್ಲಿ ಫ್ರಿಜ್ ಇಡಲು ಬಚ್ಚಲಿನ ಮುಂದೆ ಬಿಟ್ಟು ಬೇರೆ ಜಾಗವೇ ಇಲ್ಲ. "ಸ್ನಾನ ಮಾಡ್ಕೊಂಡು ಬರ್ತಾ ಹಾಲು ತಗೊಂಡ್ ಬರ್ಬಹುದು, ಅನುಕೂಲ" ಎಂದ ಗಂಡ ಮಹಾರಾಯ. ಭಾನುವಾರವೆಂದರೆ ನನಗೆ ತಲೆ ಚಿಟ್ಟು ಹಿಡಿಯತೊಡಗಿತ್ತು.

ಎರಡೂವರೆ ನಕ್ಷತ್ರದ ಶಾಲೆಯೂ ಒಂದಿದೆ. ಅದರ ಗೆರೆಯೊಳಗೆ ದೊಡ್ಡ ದೊಡ್ಡ ಮನೆಗಳು ಅಗ್ಗಕ್ಕೆ ಬಿದ್ದಿವೆ. ನಕ್ಷೆಯ ಆ ಭಾಗಕ್ಕೆ ಮೊದಲ ದಿನವೇ ಕೆಂಪು ಬಣ್ಣ ಬಳಿದು ಪಕ್ಕಕ್ಕಿಟ್ಟಿದ್ದ ನನ್ನ ಗಂಡ. ನಾನು ಗಣಿತ ಕಲಿಸುವುದು ಆ ಶಾಲೆಯಲ್ಲಿ.

"ನನ್ನ ಶಾಲೆ ಅಷ್ಟು ಕೆಟ್ಟದ್ದಾ?" ಎಂದು ಒಮ್ಮೆ ಕೇಳಿಯೇ ಬಿಟ್ಟೆ.

"ಕೆಟ್ಟದ್ದು ಅಂತ ನಾನೆಲ್ಲಂದೆ? ನಮ್ಮ ಗುಬ್ಬಿಗೆ ಬೇಡ ಅಂದೆ, ಅಷ್ಟೇ."

"ಎರಡಕ್ಕೂ ಏನು ವ್ಯತ್ಯಾಸ?"

"ಇದೆ" ಎಂದು ಫೋನು ನೋಡತೊಡಗಿದ. ಮೈಯೆಲ್ಲ ಉರಿದುಹೋಯಿತು. ಆದರೂ ಸುಮ್ಮನಾದೆ. ಯಾಕೆಂದರೆ ನನಗೂ ಒಳಗೊಳಗೇ ಬೇಡವಾಗಿತ್ತು. ನಮ್ಮಲ್ಲಿ ವಿಜ್ಞಾನದ ಮೇಷ್ಟ್ರು ರಜೆ ಹಾಕಿದರೆ ಆಟದ ಮೇಷ್ಟ್ರು ಬಂದು ಮಕ್ಕಳನ್ನು ಸುಮ್ಮನೆ ಕೂರಿಸುತ್ತಾರೆ. ಇದು ನನಗೆ ಗೊತ್ತು, ಆ್ಯಪ್‌ಗೆ ಗೊತ್ತಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಗಂಡನೊಬ್ಬನಿಗೇ ಸಲ್ಲುವ ಮಾತಲ್ಲ. ಪೋಷಕರ ಸಭೆಯಲ್ಲಿ ಮಾತ್ರ ಎದ್ದು ನಿಂತು, "ದಯವಿಟ್ಟು ಮಕ್ಕಳನ್ನ ಬಿಡಿಸ್ಬೇಡಿ, ನಮ್ಮ ಶಾಲೆಗೇನಾಗಿದೆ?" ಎಂದು ಭಾಷಣ ಬಿಗಿಯುತ್ತಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ.

ಆ ಭಾನುವಾರ ದಲ್ಲಾಳಿ ನಮ್ಮನ್ನು ಕೆಂಪು ಬಣ್ಣದೊಳಕ್ಕೇ ಕರೆದುಕೊಂಡು ಹೋದ. "ಒಂದ್ಸಲ ನೋಡಿ ಸಾರ್, ನೋಡೋಕೇನು ದುಡ್ಡು ಕೊಡ್ಬೇಕಾ?" ಎಂದ. ಒಳಗೆ ಕಾಲಿಟ್ಟೆ, ಮನಸ್ಸು ಸೋತಿತು. ಅಡುಗೆಮನೆಯ ಕಿಟಕಿಯ ಎದುರಿಗೆ ಯಾರ ಗೋಡೆಯೂ ಇಲ್ಲ. ಬಾಗಿಲುಗಳೆಲ್ಲ ಪೂರ್ತಿ ತೆರೆಯುತ್ತವೆ. ಹಿಂದುಗಡೆಯ ಕೋಣೆಯಲ್ಲಿ ಗುಬ್ಬಿ ಎರಡೂ ಕೈ ಚಾಚಿ ಗಿರಗಿರನೆ ತಿರುಗಿದಳು, ಯಾವ ಗೋಡೆಗೂ ತಾಗಲಿಲ್ಲ. "ಅಮ್ಮಾ, ಇದು ನಂಗೆ!" ಎಂದಳು.

ಗಂಡನೂ ಫೋನು ಜೇಬಿಗಿಟ್ಟ. ಅದನ್ನು ನೋಡಿ ನನಗೆ ಗಾಬರಿಯೇ ಆಯಿತು. ಹತ್ತಿರ ಬಂದು ಪಿಸುಗುಟ್ಟಿದ. "ಮನೆ ಇಲ್ಲಿ ತಗೊಳ್ಳೋಣ. ಶಾಲೆಗೆ ಗೆರೆ ಆಚೆ ಇರೋ ನಮ್ಮಕ್ಕನ ಮನೆ ವಿಳಾಸ ಕೊಡೋಣ. ಐದು ನಕ್ಷತ್ರ! ಎಲ್ರೂ ಮಾಡ್ತಾರೆ."

"ದಿನಾ ಯಾರು ಬಿಟ್ಟು ಬರ್ತಾರೆ?"

"ಬಸ್ಸಿದೆ. ನಿನಗೆ ಈ ಮನೆ ಬೇಕೋ ಬೇಡ್ವೋ?"

ಬೇಕು. ಆ ಕಿಟಕಿ ಬೇಕು. ನಾನು ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ "ನೋಡೋಣ" ಎಂದೆ. ಅವನಿಗೆ ಅಷ್ಟು ಸಾಕಿತ್ತು. ದಲ್ಲಾಳಿಯ ಕೈ ಕುಲುಕಿಯೇ ಬಿಟ್ಟ.

ಆಗ ಮನೆಯೊಡತಿ ಟೀ ತಟ್ಟೆ ಹಿಡಿದು ಒಳಗಿನಿಂದ ಬಂದಳು. ನನ್ನ ಮುಖ ನೋಡಿದವಳೇ ಗಕ್ಕನೆ ನಿಂತಳು.

"ಅಯ್ಯೋ, ಲೆಕ್ಕದ ಟೀಚರ್ರು! ನೀವಾ ಮನೆ ತಗೊಳ್ಳೋರು?"

ನನಗೂ ಗುರುತು ಸಿಕ್ಕಿತು. ಏಳನೇ ತರಗತಿಯ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರುವ ಜುಟ್ಟಿನ ಹುಡುಗಿಯ ತಾಯಿ. ಪ್ರತಿ ಸಭೆಯಲ್ಲೂ ಎದ್ದು ನಿಂತು, "ನನ್ನ ಮಗಳ ಬೆಂಚು ಅಲ್ಲಾಡುತ್ತೆ, ಅಕ್ಷರ ಸೊಟ್ಟಗೆ ಬರುತ್ತೆ, ಯಾವಾಗ ಸರಿ ಮಾಡಿಸ್ತೀರಿ?" ಎಂದು ಕೇಳುವವಳು. ನಾನು "ಆಗುತ್ತೆ, ಆಗುತ್ತೆ" ಎಂದು ಸಾಗಹಾಕಿ, ಮಾರನೆಯ ದಿನ ಬೆಂಚಿನ ಕಾಲಿಗೆ ಹಳೇ ಪ್ರಶ್ನೆಪತ್ರಿಕೆ ಮಡಿಸಿ ಒತ್ತು ಕೊಡುತ್ತಿದ್ದೆ.

"ನಾವು ಮಾರ್ತಿರೋದೇ ಆ ಶಾಲೆ ದೆಸೆಯಿಂದ, ಟೀಚರ್. ನಿಮ್ಮ ಮುಂದೆ ಹೇಳ್ಬಾರ್ದು, ಆದ್ರೂ ಹೇಳ್ತೀನಿ. ಗೆರೆ ಆಚೆ ಎರಡು ಕೋಣೆ ಮನೆ ನೋಡಿದೀವಿ. ಅತ್ತೆ ಮಾವ ಎಲ್ಲಿ ಮಲಗ್ತಾರೋ ದೇವರಿಗೇ ಗೊತ್ತು." ಆಮೇಲೆ ಗುಬ್ಬಿಯ ಕಡೆ ತಿರುಗಿದಳು. "ಮಗಳಾ? ಮುಂದಿನ ವರ್ಷ ದೊಡ್ಡ ಶಾಲೆ ಅಲ್ವಾ? ನಿಮ್ಮ ಜೊತೇಲೇ ಬರ್ತಾಳೆ ತಾನೇ?"

ಗಂಡ ಕೆಮ್ಮಿದ. ದಲ್ಲಾಳಿ ಛಾವಣಿ ನೋಡಿದ. ಗುಬ್ಬಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಇಲ್ಲ ಎಂದರೆ ನಾಳೆ ತರಗತಿಯಲ್ಲಿ ಯಾವ ಮುಖ ಹೊತ್ತು ನಿಲ್ಲಲಿ?

"ಹೌದು. ನನ್ನ ಶಾಲೆಗೇ ಬರ್ತಾಳೆ" ಎಂದೆ.

ಅವಳು ಟೀ ತಟ್ಟೆಯನ್ನು ದಡಕ್ಕನೆ ಮೇಜಿನ ಮೇಲಿಟ್ಟಳು. ಒಳಕ್ಕೆ ತಿರುಗಿ ಕೂಗಿದಳು. "ರೀ, ಬನ್ನಿ ಇಲ್ಲಿ! ಟೀಚರ್ ಮಗಳೇ ಅದೇ ಶಾಲೆಗೆ ಹೋಗ್ತಾಳಂತೆ! ಒಳಗಿರೋರೇ ಹಾಕ್ತಾರೆ ಅಂದ್ಮೇಲೆ ನಾವ್ಯಾಕ್ರೀ ಇಂಥಾ ಮನೆ ಮಾರ್ಕೊಂಡು ಸಾಯ್ಬೇಕು?"

ಅಷ್ಟೇ. ಆ ಮನುಷ್ಯ ಬನಿಯನ್ನಿನಲ್ಲೇ ಬಂದು ದಲ್ಲಾಳಿಗೆ ಕೈಮುಗಿದ. ಟೀ ಆರುವ ಮೊದಲೇ ಮನೆ ಮಾರಾಟಕ್ಕಿಲ್ಲ ಎಂದಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ತುತ್ತನ್ನು ತಟ್ಟಿ ಬೀಳಿಸಿದವಳು ನಾನೇ.

ಬೀದಿಗೆ ಬಂದದ್ದೇ ಗಂಡ ಸಿಡಿದ. "ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತು? ಇನ್ನೂ ನಿರ್ಧಾರ ಆಗಿಲ್ಲ ಅಂದಿದ್ರೆ ಮುಗೀತಿತ್ತು. ಒಂದು ಸುಳ್ಳಿಗೆ ಮನೆ ಹೋಯ್ತು!"

"ಸುಳ್ಳಲ್ಲ."

"ಏನು?"

"ಸುಳ್ಳಲ್ಲ ಅಂದೆ. ಅವಳು ನನ್ನ ಶಾಲೆಗೇ ಬರ್ತಾಳೆ. ಅಕ್ಕನ ವಿಳಾಸ ನೀನೇ ಇಟ್ಕೋ."

"ಎರಡೂವರೆ ನಕ್ಷತ್ರ ಕಣೇ!"

"ಆಗ್ಲಿ. ನೀನು ಹುಟ್ಟಿದ್ದು ಎಷ್ಟು ನಕ್ಷತ್ರದ ಆಸ್ಪತ್ರೇಲಿ?"

ದಲ್ಲಾಳಿಗೆ ನಗು ಬಂತು, ನುಂಗಿಕೊಂಡ. ಆಮೇಲೆ ಮೆಲ್ಲಗೆ, "ಗೆರೆಯ ಈ ಕಡೆ ಅಂದ್ರೆ ಬೇಕಾದಷ್ಟು ಮನೆ ಇದೆ ಮೇಡಂ. ಕೇಳೋರೇ ಇಲ್ಲ" ಎಂದ. ಗಂಡ ಕಾರಿನ ಬಾಗಿಲು ಧಡಾರನೆ ಎಳೆದುಕೊಂಡ.

ಗುಬ್ಬಿ ನನ್ನ ಸೆರಗು ಜಗ್ಗಿದಳು. "ಅಮ್ಮಾ, ನಿನ್ನ ಶಾಲೆ ಚೆನ್ನಾಗಿದ್ರೆ, ಇಷ್ಟು ದಿನ ಅಪ್ಪ ಬೇಡ ಅಂದಾಗ ನೀನ್ಯಾಕೆ ಸುಮ್ನಿದ್ದೆ?"

ಯಾರ ಮಗು ಏನು ಕೇಳಿದರೂ ಪಟಕ್ಕನೆ ಉತ್ತರ ಹೇಳುವ ಬಾಯಿ ನನ್ನದು. ಅವತ್ತು ಮಾತ್ರ "ನಡಿ, ಕಾರು ಹತ್ತು" ಎಂದು ಗದರಿದೆ.

ಸೋಮವಾರ ನಾನು ತರಗತಿಗೆ ಹೋಗುವ ಮೊದಲೇ ಸುದ್ದಿ ಹೋಗಿತ್ತು. ಜುಟ್ಟಿನ ಹುಡುಗಿ ಎದ್ದು ನಿಂತಳು. "ಟೀಚರ್, ನಿಮ್ಮ ಮಗಳು ನಮ್ಮ ಶಾಲೆಗೆ ಬರ್ತಾಳಂತೆ! ನನ್ನ ಪಕ್ಕ ಕೂತ್ಕೊಳ್ಲಿ ಅವಳು, ಜಾಗ ಇದೆ."

"ನೀನು ಅಷ್ಟೊತ್ತಿಗೆ ಎಂಟನೇ ಕ್ಲಾಸು, ಕೂತ್ಕೋ" ಎಂದೆ. ಎಲ್ಲರೂ ನಕ್ಕರು. ಅವಳು ಕೂತಳು, ಬೆಂಚು ಟಕ್ಕೆಂದು ವಾಲಿತು. ಗುಬ್ಬಿ ಅಲ್ಲಿ ಕೂತಂತೆ, ಅವಳ ಪೆನ್ಸಿಲ್ ಗೆರೆ ದಾಟಿ ಜಾರಿದಂತೆ ಕಣ್ಣಿಗೆ ಬಂತು. ಆ ಬೆಂಚು ವಾಲುವುದನ್ನು ಎರಡು ವರ್ಷದಿಂದ ನೋಡುತ್ತಾ ಬಂದಿದ್ದೇನೆ.

ಪುಸ್ತಕ ತೆರೆಯಲು ಹೇಳಿ ನೇರ ಹೆಡ್‌ಮಾಸ್ಟರರ ಕೋಣೆಗೆ ಹೋದೆ. ಇವತ್ತೇ ಬಡಗಿಯನ್ನು ಕರೆಸಬೇಕು, ಕರೆಸುವವರೆಗೂ ನಾನು ಇಲ್ಲಿಂದ ಕದಲುವುದಿಲ್ಲ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಆ ಬೆಂಚು ಮೊದಲಿಂದಲೂ ಹಾಗೇ ಇತ್ತಲ್ಲಮ್ಮ. ಈಗೇನು ಇದ್ದಕ್ಕಿದ್ದ ಹಾಗೆ?"

"ಬಡಗಿಯನ್ನ ಕರೆಸಿ ಸಾರ್" ಎಂದಷ್ಟೇ ಹೇಳಿದೆ.