ಮಾಳಮಡ್ಡಿಗೊಂದು ಸುರಂಗ

ಈ ಏಕನಾಥನ ಬೂಟಿನ ಸದ್ದು, ಮತ್ತೆ ಬಂದ, ಆಫೀಸಿನ ನೆಟ್‌ವರ್ಕ್ ಕಾಯುವವನಂತೆ, ಕಾಯುವ ಮುಖ ನೋಡು, ಹಾಡಿನ ಸೈಟೆಲ್ಲಾ ಬಂದ್ ಮಾಡೇನಿ ಶಂಭುಲಿಂಗ ಅವ್ರ, ಸೆಕ್ಯುರಿಟಿ ಮುಖ್ಯ ನೋಡ್ರಿ ಅಂತ ನನಗೇ ಹೇಳುತ್ತಾನೆ — ಮುಖ್ಯವಂತೆ, ತನ್ನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೇ ಅಂಟಿಸಿಕೊಂಡ ಮಹಾಶಯ, ಅವನ ಮೂಗಿನ ಕೆಳಗೇ ಮೂರು ತಿಂಗಳಿಂದ ಇಂಟರ್ನೆಟ್ಟಿನಲ್ಲಿ ನಾನು ಕೊರೆದ ಸುರಂಗ, ಹುಬ್ಬಳ್ಳಿಯ ಈ ಮೇಜಿನಿಂದ ಧಾರವಾಡದ ಮಾಳಮಡ್ಡಿಗೆ, ನಮ್ಮ ಮನೆಯ ಕಪಾಟಿನಲ್ಲಿ ಹಾಡು ತುಂಬಿಟ್ಟ ಹಳೆಯ ಕಂಪ್ಯೂಟರಿಗೆ, ಅವನು ಬಂದ್ ಮಾಡಲಾಗದ, ಬ್ಯಾಂಕಿನ ಸೈಟಿಗೆ ಹೋಗುವ ಬಾಗಿಲಿನಿಂದಲೇ, ನಡುದಾರಿಯಲ್ಲಿ ನಿಂತು ನೋಡಿದರೂ ಒಂದಕ್ಷರ ಅರ್ಥವಾಗದಂತೆ, ನನ್ನ ಕೀಲಿ ಇಲ್ಲದೆ ದೇವರೂ ಒಳಗೆ ಬರಲಾರ, ಇವನೆಲ್ಲಿ ಬಂದಾನು. ಮನೆಯ ಕಂಪ್ಯೂಟರಿನ ಡಿಸ್ಕ್ ತುಂಬಿದೆ ಎನ್ನುತ್ತಿದೆ, ತುಂಬದೇ ಏನು, ಅಪ್ಪನ ಭಜನೆ ಕಾಲು ಚಾಚಿ ಕುಳಿತಿದೆಯಲ್ಲ, ನಲವತ್ತು ಕ್ಯಾಸೆಟ್ಟು, ಅರಳೆ ಅಂಗಡಿ ಮುಚ್ಚಿ ಸೋಮವಾರ ಸೋಮವಾರ ಮಠದಲ್ಲಿ ಹಾಡಿದ್ದು, ಪಲ್ಲವಿಗೊಂದು ಕೆಮ್ಮು, ಶ್ರುತಿ ಎಲ್ಲೋ ಧ್ವನಿ ಎಲ್ಲೋ, ನೀಲಕಂಠಪ್ಪಾರ, ಛಲೋ ಹಾಡತೀರಿ ನೋಡ್ರಿ ಎನ್ನುವ ಕಿವುಡರ ಗುಂಪು ಬೇರೆ, ನಾನೇ ಕಂಪ್ಯೂಟರಿಗೆ ಇಳಿಸಿ ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಿದೆ, ಒಗೀಬ್ಯಾಡೋ ತಮ್ಮಾ ಅಂದಿದ್ದ ಅಪ್ಪ, ಆಗ ಇನ್ನೂ ಮಾತಿತ್ತು, ಗಂಟಲಿನ ಆಪರೇಷನ್ ಆಗಿರಲಿಲ್ಲ, ಈಗ ಪಾಟಿಯ ಮೇಲೆ ಬರೆದು ತೋರಿಸುತ್ತಾನೆ — ಚಹಾ, ಗುಳಿಗೆ, ಫ್ಯಾನ್ ಆರಿಸು — ಭಜನೆ ಎಂದು ಒಂದು ದಿನವೂ ಬರೆದಿಲ್ಲ, ಮರೆತಿರಬೇಕು, ಯಾರು ಕೇಳುತ್ತಾರೆ ಇದನ್ನೆಲ್ಲ, ಅಳಿಸು, ಖಚಿತವೇ ಎಂದು ಕೇಳುತ್ತದೆ, ಖಚಿತ, ಇನ್ನೊಂದು ನಕಲು ಇಡುವ ಯೋಗ್ಯತೆ ಇದಕ್ಕೆಲ್ಲಿದೆ.

ಹೋಯಿತು, ಎಲ್ಲವೂ ಹೋಯಿತು, ಆದರೆ ಇದೇನು, ಈಗ ಕೇಳುತ್ತಿರುವವರು ಇಬ್ಬರು ಎಂದು ತೋರಿಸುತ್ತಿದೆ, ನಾನೊಬ್ಬ, ಇನ್ನೊಬ್ಬ ಯಾರು, ಏಕನಾಥನೇ, ಅವನಿಗೆ ಅಷ್ಟು ತಲೆಯೆಲ್ಲಿ, ಅವನು ಅಲ್ಲಿ ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡು ಕುಡಿಯುತ್ತಿದ್ದಾನೆ, ವಿಳಾಸ ನೋಡು, ಹೊರಗಿನದಲ್ಲ, ಮನೆಯೊಳಗಿನದು, ಅದೇ ಕಂಪ್ಯೂಟರಿಗೆ ಸೇರಿಸಿದ ಪಡಸಾಲೆಯ ಟಿವಿ, ಭಜನೆ ಹದಿನೇಳು, ಹಿಂದಿನ ದಾಖಲೆ ನೋಡಿದರೆ ನಿನ್ನೆಯೂ ಹನ್ನೊಂದಕ್ಕೆ, ಮೊನ್ನೆಯೂ, ತಿಂಗಳಿಡೀ ಹನ್ನೊಂದಕ್ಕೇ, ನಾನು ಆಫೀಸಿಗೆ ಬಂದ ಮೇಲೆ, ಆ ಹೊತ್ತಿಗೆ ಮನೆಯಲ್ಲಿ ಅಪ್ಪನಲ್ಲದೆ ಯಾರಿದ್ದಾರೆ. ಥೂ ನನ್ನ ಜಾಣತನಕ್ಕೆ. ಅಳಿಸಿದರೂ ನಡೆಯುತ್ತಿರುವ ಹಾಡು ನಡುವೆ ನಿಲ್ಲುವುದಿಲ್ಲ, ಮುಗಿಯುವ ತನಕ ಕೇಳುತ್ತದೆ, ಆಮೇಲೆ ಇಲ್ಲ, ಆ ಧ್ವನಿ ಇನ್ನೆಲ್ಲೂ ಇಲ್ಲ, ಎರಡು ನಿಮಿಷ ಉಳಿದಿದೆ, ಒಂದೂ ಮುಕ್ಕಾಲು, ಟಿವಿಯ ಮುಂದೆ ಅಪ್ಪ, ತೊಡೆಯ ಮೇಲೆ ತಾಳ ಹಾಕುವ ಕೈ, ಸದ್ದಿಲ್ಲದೆ ಆಡುವ ತುಟಿ, ಫೋನ್ ಮಾಡಲೇ, ಎತ್ತಿದರೂ ಏನು ಹೇಳಿಯಾನು, ಒಂದು ನಿಮಿಷ, ಆ ತುಟಿ, ಸದ್ದಿಲ್ಲದೆ ಆಡುವ ತುಟಿ, ತುಟಿ